ಬರ್ನ್ ಪಿಟ್ ರಿಜಿಸ್ಟ್ರಿಗೆ ಮಗನ ಹೆಸರು ಸೇರಿಸೋದು ಹೇಗೆ?

ಡಲ್ಲಾಸ್ ಅಮ್ಮ: ಮಗ ಅಮೆರಿಕದ ಸೇನೆಯಲ್ಲಿದ್ದ. 2007ರಲ್ಲಿ ಇರಾಕಿನ ಬಲಾದ್ ನೆಲೆ. ಪ್ಲಾಸ್ಟಿಕ್, ಆಸ್ಪತ್ರೆ ಕಸ ಎಲ್ಲಾ ದೊಡ್ಡ ಗುಂಡಿಗೆ ಸುರಿದು, ವಿಮಾನದ ಇಂಧನ ಹಾಕಿ ಸುಡುತ್ತಿದ್ದರಂತೆ. ಮೂಗು ಸೀಟಿದರೆ ಕರ್ಚೀಫು ಕಪ್ಪಗಾಗುತ್ತಿತ್ತಂತೆ. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಎಕ್ಸ್‌ರೇ ಮಾತ್ರ ನಾರ್ಮಲ್. ಇಂಥ ಹೊಗೆಯಲ್ಲಿದ್ದ ಸೈನಿಕರ ಸರ್ಕಾರಿ ಪಟ್ಟಿ ಇದೆಯಲ್ಲ, ಆ ಬರ್ನ್ ಪಿಟ್ ರಿಜಿಸ್ಟ್ರಿಗೆ ಹೆಸರು ಕೊಡೋ ಅಂದರೆ "ಸುಮ್ನಿರಮ್ಮ, ಆ ಫಾರ್ಮ್ ಯಾರು ತುಂಬ್ತಾರೆ" ಅಂತಾನೆ.

ಮಾಜಿ ನೇವಿ: ಫಾರ್ಮ್ ಕಾಟ ಈಗಿಲ್ಲ ಆಂಟಿ. 2014ರಲ್ಲಿ ಶುರುವಾದಾಗ ಉದ್ದದ ಪ್ರಶ್ನಾವಳಿ ಇತ್ತು, ಬೇಸತ್ತು ಅರ್ಧಕ್ಕೇ ಬಿಟ್ಟವರು ಬಹಳ. 2024ರ ಆಗಸ್ಟ್‌ನಿಂದ ಸೇನೆಯ ದಾಖಲೆ ನೋಡಿ ವಿಎ, ಅಂದರೆ ಅಮೆರಿಕದ ಮಾಜಿ ಸೈನಿಕರ ಇಲಾಖೆಯವರೇ ಹೆಸರು ಸೇರಿಸುತ್ತಾರೆ. ಬೇಡ ಅನ್ನುವವರು ಹೊರಬರಬಹುದು. ಆದರೆ ಈ ರಿಜಿಸ್ಟ್ರಿ ಸಂಶೋಧನೆಗೆ ಅಷ್ಟೇ. ಪರಿಹಾರ ಬೇಕಾದರೆ ವಿಎಗೆ ಬೇರೆಯೇ ಅರ್ಜಿ ಹಾಕಬೇಕು.

ಹೂಸ್ಟನ್ ನರ್ಸ್: ಎಕ್ಸ್‌ರೇ ನಂಬಿ ಕೂರಬೇಡಿ. ಕನ್‌ಸ್ಟ್ರಿಕ್ಟಿವ್ ಬ್ರಾಂಕಿಯೊಲೈಟಿಸ್‌ನಲ್ಲಿ ಸಣ್ಣ ಶ್ವಾಸನಾಳಗಳು ಕಿರಿದಾಗುತ್ತವೆ, ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಶ್ವಾಸಕೋಶದ ತಜ್ಞರಿಗೇ ತೋರಿಸಿ. ಇಂಥ ಹೊಗೆ, ವಿಷದಲ್ಲಿದ್ದ ಮಾಜಿ ಸೈನಿಕರಿಗಾಗಿ ಮಾಡಿದ 2022ರ ಪ್ಯಾಕ್ಟ್ ಕಾಯ್ದೆಯ ಪಟ್ಟಿಯಲ್ಲಿ ಈ ಕಾಯಿಲೆ ಇದೆ. ಅಂದರೆ ಈ ಕಾಯಿಲೆ ಇದ್ದರೆ, ಹೊಗೆಯಿಂದಲೇ ಬಂತು ಅಂತ ನಿಮ್ಮ ಮಗ ಸಾಬೀತು ಮಾಡಬೇಕಿಲ್ಲ.

ಡಲ್ಲಾಸ್ ಅಮ್ಮ: ಸಾಬೀತು ಬೇಡ ಅನ್ನೋದು ಗೊತ್ತೇ ಇರಲಿಲ್ಲ ನೋಡಿ. ಭಾನುವಾರ ಊಟಕ್ಕೆ ಬರ್ತಾನೆ. ಬಿಸಿಬೇಳೆಬಾತ್ ಬಡಿಸಿಯೇ ಅರ್ಜಿ ತೆಗೆಯೋದು!