ಹಿಂದಿನ ಬ್ರೇಕ್ ಮನೆಯಲ್ಲೇ ಬಿಚ್ಚಿದೆ, ಈಗ ಪೈಪಿನ ನಟ್ ತಿರುಗ್ತಿಲ್ಲ. ಅನುಭವ ಇದ್ದವರು ಹೇಳಿ

ಕಾಪುವಿನಿಂದ ಪ್ರಶ್ನೆ:
ಹಿಂದೆ ಡ್ರಮ್ ಬ್ರೇಕ್ ಇರುವ ಹಳೇ ಸಣ್ಣ ಕಾರು. ಶೂ (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಪಟ್ಟಿ) ಬದಲಿಸೋಣ ಅಂತ ಅಂಗಳದಲ್ಲೇ ಎಡಗಡೆ ಚಕ್ರ ಬಿಚ್ಚಿದೆ. ಡ್ರಮ್ ಹೊರಗೆ ಬರಲಿಕ್ಕೇ ಮಧ್ಯಾಹ್ನ ಆಯಿತು. ಒಳಗೆ ನೋಡಿದರೆ ಶೂ ತಳ್ಳುವ ವೀಲ್ ಸಿಲಿಂಡರ್ ಸೋರ್ತಾ ಉಂಟು. ಅದನ್ನೂ ಬದಲಿಸೋಣ ಅಂದ್ರೆ ಬ್ರೇಕ್ ಪೈಪಿನ ನಟ್ ಜಪ್ಪಯ್ಯ ಅಂದರೂ ತಿರುಗುತ್ತಿಲ್ಲ. ಮುಂದೆ ಎಂತ ಮಾಡುವುದು?

ಸುರತ್ಕಲ್‌ನಿಂದ:
ಮೊದಲು ಆ ನಟ್ ಮೇಲಿಂದ ಕೈ ತೆಗೆಯಿರಿ ಮಾರಾಯ್ರೆ. ಮಾಮೂಲಿ ಸ್ಪ್ಯಾನರ್ ಅದನ್ನು ಎರಡೇ ಬದಿ ಹಿಡಿಯುತ್ತದೆ. ಮೂಲೆ ಸವೆದು ಉರುಟಾದರೆ ಮತ್ತೆ ಯಾವುದಕ್ಕೂ ಸಿಗುವುದಿಲ್ಲ. ಫ್ಲೇರ್ ನಟ್ ಸ್ಪ್ಯಾನರ್ ಅಂತ ಬರುತ್ತದೆ. ಪೈಪ್ ತೂರುವಷ್ಟು ಮಾತ್ರ ಸಂದಿ, ಉಳಿದಂತೆ ನಟ್ಟನ್ನು ಸುತ್ತಲೂ ಹಿಡಿಯುತ್ತದೆ. ಅದನ್ನೇ ತನ್ನಿ. ತುಕ್ಕು ಬಿಡಿಸುವ ಎಣ್ಣೆಯನ್ನು ಬ್ರೇಕ್ ಕೂತಿರುವ ಪ್ಲೇಟಿನ ಹಿಂಬದಿಯಿಂದ ಹಾಕಿ ರಾತ್ರಿಯಿಡೀ ಬಿಡಿ. ಶೂಗೆ ಒಂದು ಹನಿಯೂ ತಾಗಬಾರದು.

ತಿರುಗಿಸುವಾಗ ಕಣ್ಣು ಪೈಪಿನ ಮೇಲಿರಲಿ. ನಟ್ ಜೊತೆ ಪೈಪೂ ತಿರುಚಿಕೊಳ್ತಾ ಇದ್ದರೆ ಎರಡೂ ತುಕ್ಕು ಹಿಡಿದು ಒಂದಾಗಿವೆ ಅಂತ ಅರ್ಥ. ಅಲ್ಲೇ ನಿಲ್ಲಿಸಿ. ಪೈಪ್ ತುಂಡಾದರೆ ಹೊಸದು ಹಾಕದೆ ಕಾರು ಅಂಗಳ ಬಿಟ್ಟು ಕದಲುವ ಹಾಗಿಲ್ಲ. ವಿಡಿಯೊದಲ್ಲಿ ಚಹಾ ಆರುವುದರೊಳಗೆ ಮುಗಿಸಿ ತೋರಿಸ್ತಾರೆ. ಅವರ ಕಾರು ನಮ್ಮ ಕಡಲ ಗಾಳಿ, ಮಳೆ ಕಂಡಿರುವುದಿಲ್ಲ ಅಲ್ವಾ!

ಮಲ್ಪೆಯಿಂದ:
ಇನ್ನೊಂದು ಬದಿಯ ಡ್ರಮ್‌ಗೆ ಸುತ್ತಿಗೆ ಬೇಡ. ಡ್ರಮ್ ಮುಖದಲ್ಲಿ ಥ್ರೆಡ್ ಇರುವ ಎರಡು ತೂತು ಉಂಟಾ ನೋಡಿ. ಹೆಚ್ಚಾಗಿ 8 ಎಂಎಂ ಬೋಲ್ಟ್ ಕೂರುತ್ತದೆ. ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ ಹೋದರೆ ಡ್ರಮ್ ತಾನಾಗಿ ಎದ್ದು ಬರುತ್ತದೆ. ಹ್ಯಾಂಡ್‌ಬ್ರೇಕ್ ಇಳಿಸಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಿ. ಜಾಕ್ ಒಂದನ್ನೇ ನಂಬಬೇಡಿ, ಕೆಳಗೆ ಸ್ಟ್ಯಾಂಡ್ ಇರಲೇಬೇಕು. ಎರಡೂ ಬದಿ ಒಟ್ಟಿಗೆ ಬಿಚ್ಚಬೇಡಿ. ಯಾವ ಸ್ಪ್ರಿಂಗ್ ಎಲ್ಲಿತ್ತು ಅಂತ ನೋಡಲಿಕ್ಕೆ ಒಂದು ಬದಿ ಬೇಕು. ಫೋಟೊದಲ್ಲಿ ಸ್ಪ್ರಿಂಗಿನ ಕೊಕ್ಕೆ ಹಿಂದಿದೆಯೋ ಮುಂದಿದೆಯೋ ಗೊತ್ತೇ ಆಗುವುದಿಲ್ಲ.

ಕಂಕನಾಡಿಯಿಂದ:
ಪೈಪ್ ಕಳಚಿತು ಅಂದ್ರೆ ಒಳಗೆ ಗಾಳಿ ಹೋಯಿತು. ಮತ್ತೆ ಬ್ಲೀಡಿಂಗ್, ಅಂದ್ರೆ ಆ ಗಾಳಿ ಹೊರಗೆ ತೆಗೆಯುವ ಕೆಲಸ, ಆಗಲೇಬೇಕು, ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್ (ಸಿಲಿಂಡರಿನ ಗಾಳಿ ಬಿಡುವ ಸ್ಕ್ರೂ) ಸಡಿಲಿಸುವುದು, ಮುಚ್ಚಿದ ಮೇಲೆಯೇ ಪೆಡಲ್ ಬಿಡುವುದು. ಗುಳ್ಳೆ ನಿಲ್ಲುವವರೆಗೂ ಇದೇ ಕೆಲಸ. ಮೇಲಿನ ಡಬ್ಬಿಯಲ್ಲಿ ಬ್ರೇಕ್ ಫ್ಲೂಯಿಡ್ ಖಾಲಿಯಾಗಲು ಬಿಟ್ಟರೆ ಮತ್ತೆ ಮೊದಲಿನಿಂದ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದು ಅದರೊಳಗೆ ಗಾಳಿ ಸೇರಿದರೆ ಗ್ಯಾರೇಜಿನ ಸ್ಕ್ಯಾನರ್ ಬೇಕಾಗಬಹುದು.

ಎಂದೋ ತೆರೆದಿಟ್ಟ ಬಾಟಲಿ ಬೇಡ. ಈ ಫ್ಲೂಯಿಡ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹೊಸ ಡಾಟ್ 4 (ಬ್ರೇಕ್ ಫ್ಲೂಯಿಡ್‌ನ ಒಂದು ದರ್ಜೆ) ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ಲೆಕ್ಕ. ನೀರು ಸೇರಿದ್ದಕ್ಕೆ ಅದು 155ಕ್ಕೆ ಇಳಿಯುತ್ತದೆ. ಆಗುಂಬೆ ಇಳಿಯುವಾಗ ಕುದಿದರೆ ಪೆಡಲ್ ಸೀದಾ ಕೆಳಗೆ! ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ, ಇಲ್ಲದಿದ್ದರೆ ಪೇಂಟ್ ಏಳುತ್ತದೆ.

ಕಾಪುವಿನಿಂದ:
ಸಿಲಿಂಡರ್ ಎರಡೂ ಬದಿ ಬದಲಿಸಬೇಕಾ?

ಸುರತ್ಕಲ್‌ನಿಂದ:
ಶೂ ಖಂಡಿತ ಎರಡೂ ಬದಿ. ಸಿಲಿಂಡರ್ ಆದರೆ ರಬ್ಬರ್ ಎತ್ತಿ ನೋಡಿ, ಒದ್ದೆ ಇದ್ದರೆ ಅದೂ ಹೋಗಿದೆ. ಎಲ್ಲ ಆಗಿಯೂ ಪೆಡಲ್ ಮೆತ್ತಗೇ ಇದ್ದರೆ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ. ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.