ಅಪ್‌ಡೇಟ್: ಕುದುರೆ ಮತ್ತು ಕೃಷಿ ವ್ಯವಹಾರ ನಿರ್ವಹಣೆ, ಮೊದಲ ವರ್ಷದ ನಂತರ

ಲೆಕ್ಕಪತ್ರದಲ್ಲಿ ಹಿಂದುಳಿದಿರುವ ನಾನು ಕುದುರೆ ಮತ್ತು ಕೃಷಿ ವ್ಯವಹಾರ ನಿರ್ವಹಣೆಯ ಪದವಿಗೆ ಸೇರಬಹುದೇ ಎಂದು ಈ ಹಿಂದೆ ಇಲ್ಲಿ ಕೇಳಿದ್ದೆ. ಸೇರಿ ಮೊದಲ ವರ್ಷ ಮುಗಿಸಿದ್ದೇನೆ. ಧೈರ್ಯ ತುಂಬಿದವರಿಗೆಲ್ಲ ಕೃತಜ್ಞತೆಗಳು.

ನಾನು ಹೆದರಿದ್ದ ಲೆಕ್ಕಪತ್ರವೇ ಈಗ ನನ್ನ ಅಚ್ಚುಮೆಚ್ಚಿನ ವಿಷಯ. 500 ಕಿಲೋ ತೂಕದ ಕುದುರೆಗೆ ದಿನಕ್ಕೆ ದೇಹತೂಕದ ಸುಮಾರು ಶೇ. 2ರಷ್ಟು, ಅಂದರೆ 10 ಕಿಲೋ ಒಣಮೇವು ಬೇಕು, 6ರಿಂದ 8 ವಾರಗಳಿಗೊಮ್ಮೆ ಗೊರಸು ಕತ್ತರಿಸಬೇಕು, ಮರಿಗಾಗಿ ಸುಮಾರು 11 ತಿಂಗಳು ಕಾಯಬೇಕು ಎಂಬುದನ್ನೆಲ್ಲ ನಾನೇ ಖರ್ಚಿನ ಪಟ್ಟಿಗೆ ಇಳಿಸಿದಾಗ, ಲಾಯವೂ ಲೆಕ್ಕದ ಪುಸ್ತಕವೂ ಬೇರೆಯಲ್ಲವೆಂಬುದು ಮನದಟ್ಟಾಯಿತು. ಒಂದು ಮುಂಜಾನೆ ಗೊರಸಿನ ಕೊಳೆ ಕೆರೆಯುವಾಗ ಅಂಗೈಗೆ ತಾಗಿದ ಅಸಹಜ ಬಿಸಿಯನ್ನು ತಕ್ಷಣ ತಿಳಿಸಿದ್ದರಿಂದ ಆ ಕುದುರೆಗೆ ಸಕಾಲದಲ್ಲಿ ಚಿಕಿತ್ಸೆ ದೊರೆಯಿತು.

ಸವಾರಿಯ ಆಸೆಯೊಂದರಿಂದಲೇ ಸೇರಬಯಸುವವರು ಮಣ್ಣು, ಮೇವಿನ ಬೆಳೆ, ಮಾರುಕಟ್ಟೆಗಳನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕಾಗುತ್ತದೆ.