ಕಿಟಕಿ ದೊಡ್ಡದಿದೆ, ಮನೆಯೊಳಗೆ ಮಾತ್ರ ಗಾಳಿಯಿಲ್ಲ

ಪ್ರಶ್ನೆ: ಮೇಡಂ, ಬೆಂಗಳೂರಿನಲ್ಲಿ ನಮ್ಮದು 30×40 ಸೈಟಿನ ಡ್ಯೂಪ್ಲೆಕ್ಸ್ ಮನೆ. ದಕ್ಷಿಣಕ್ಕೆ ರಸ್ತೆ. ಮಿಕ್ಕ ಮೂರೂ ಕಡೆ ಪಕ್ಕದವರ ಗೋಡೆ ಕೈಗೆ ಸಿಗುತ್ತದೆ. ಹಾಲ್‌ಗೆ ಆರಡಿ ಅಗಲದ ಸ್ಲೈಡಿಂಗ್ ಕಿಟಕಿ ಇದೆ, ಆದರೂ ಸಂಜೆ ಒಳಗೆ ಧಗೆ. ಮೆಟ್ಟಿಲ ಮೇಲೆ ಗಾಜಿನ ಸ್ಕೈಲೈಟ್ ಹಾಕಿಸಿ ಎನ್ನುತ್ತಾರೆ ಮೇಸ್ತ್ರಿ. ಹಾಕಿಸಬಹುದಾ?

ಉತ್ತರ (ಆರ್ಕಿಟೆಕ್ಟ್): ಬರೀ ಗಾಜಾದರೆ ಬೇಡವೇ ಬೇಡ. ಬೆಳಕಿನ ಜೊತೆ ಬಿಸಿಲೂ ಇಳಿಯುತ್ತದೆ, ಮನೆ ಇನ್ನಷ್ಟು ಕಾಯುತ್ತದೆ.

ನಿಮ್ಮ ಮನೆಯಲ್ಲಿ ಗಾಳಿ ಬರಲು ದಾರಿ ಇದೆ, ಹೋಗಲು ಇಲ್ಲ. ಒಳಗಿನದು ಹೋಗದೆ ಹೊರಗಿನದು ಹೇಗೆ ಬರಬೇಕು? ಒಂದೇ ಕಡೆ ಕಿಟಕಿ ಇದ್ದರೆ ಗಾಳಿ ಹೆಚ್ಚೆಂದರೆ ಚಾವಣಿ ಎತ್ತರದ ಎರಡು–ಎರಡೂವರೆ ಪಟ್ಟು ದೂರ ಹೋಗುತ್ತದೆ. ಸ್ಲೈಡಿಂಗ್ ಕಿಟಕಿಯಲ್ಲಿ ಆರಡಿಗೆ ತೆರೆಯುವುದೂ ಮೂರೇ ಅಡಿ, ಅಲ್ವಾ?

ಮೆಟ್ಟಿಲ ಹೆಡ್‌ರೂಮ್ (ಟೆರೇಸಿನಲ್ಲಿ ಮೆಟ್ಟಿಲ ಮೇಲೆ ಕಟ್ಟಿದ ಪುಟ್ಟ ಕೋಣೆ) ಗೋಡೆಯಲ್ಲಿ, ಚಾವಣಿಗೆ ತಾಗಿದಂತೆ, ಲೂವರ್ ಇಡಿಸಿ, ಅಂದರೆ ಓರೆ ಪಟ್ಟಿಗಳ ಗಾಳಿಕಿಂಡಿ. ಬಿಸಿಗಾಳಿ ಹಗುರ, ಮೇಲೇರಿ ಅಲ್ಲಿಂದ ಹೋಗುತ್ತದೆ. ಅದರ ಜಾಗಕ್ಕೆ ಕೆಳಗಿನ ಕಿಟಕಿಯಿಂದ ತಂಪು ಗಾಳಿ ಬರುತ್ತದೆ. ಎರಡರ ನಡುವೆ ಎತ್ತರ ಜಾಸ್ತಿಯಾದಷ್ಟೂ ಸೆಳೆತ ಜಾಸ್ತಿ. ಏಪ್ರಿಲ್‌ನಲ್ಲಿ ಎಲೆ ಅಲ್ಲಾಡದ ಸಂಜೆಯೂ ಇದು ನಡೆಯುತ್ತದೆ. ಹಳೇ ಮನೆಗಳ ಗವಾಕ್ಷಿ, ಕಿಟಕಿ ಮೇಲಿನ ವೆಂಟಿಲೇಟರ್ ಇದೇ ಕೆಲಸ ಮಾಡುತ್ತಿದ್ದವು. ಈಗ ಫಾಲ್ಸ್ ಸೀಲಿಂಗ್‌ಗೆಂದು ಅವನ್ನು ಸುಮ್ನೆ ಮುಚ್ಚಿಸುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಗೋಡೆ ಒಡೆಸುವ ಮುಂಚೆ ಪರೀಕ್ಷೆ ಮಾಡಿ. ಹೊರಗೆ ತಂಪಾದ ಮೇಲೆ ಹಾಲ್ ಕಿಟಕಿ ತೆಗೆದಿಡಿ. ಟೆರೇಸ್ ಬಾಗಿಲನ್ನು ಒಂದು ಗೇಣು ತೆರೆದು, ಸಂದಿಯ ಮೇಲ್ತುದಿಯಲ್ಲಿ ಊದುಬತ್ತಿ ಹಿಡಿಯಿರಿ. ಹೊಗೆ ಹೊರಕ್ಕೆ ಎಳೆದರೆ ಲೂವರ್ ಕೆಲಸ ಮಾಡುತ್ತದೆ. ಒಳಕ್ಕೇ ನುಗ್ಗಿದರೆ ಆ ಕಡೆಯಿಂದ ಗಾಳಿ ಬೀಸುತ್ತಿದೆ. ಹಾಗಾದರೆ ಲೂವರ್ ಬಾಗಿಲಿನ ಎದುರು ಗೋಡೆಗೆ ಬರಲಿ.

ಇನ್ನೊಂದು ಮಾತು. ಬೇಸಿಗೆ ಮಧ್ಯಾಹ್ನ ಹೊರಗೇ ಬಿಸಿ ಜಾಸ್ತಿ ಇರುತ್ತದೆ. ಆಗ ಎಲ್ಲ ಮುಚ್ಚಿ, ಸಂಜೆಯಿಂದ ಬೆಳಗಿನವರೆಗೆ ತೆರೆಯಿರಿ.

ಪ್ರಶ್ನೆ: ಮಳೆ, ಸೊಳ್ಳೆ?

ಉತ್ತರ: ಲೂವರ್ ಪಟ್ಟಿ ಹೊರಕ್ಕೆ ಇಳಿಜಾರಾಗಿರಲಿ, ಮೇಲೊಂದು ಸಜ್ಜ ಬರಲಿ. ಒಳಗಡೆ ಮೆಷ್ ಹಾಕಿಸಿ. ಮೆಷ್ ಗಾಳಿಯನ್ನೂ ತಡೆಯುತ್ತದೆ, ಧೂಳು ಕೂತರೆ ಇನ್ನೂ ಜಾಸ್ತಿ. ಹಾಗಾಗಿ ಲೂವರ್ ಸ್ವಲ್ಪ ದೊಡ್ಡದೇ ಇರಲಿ, ಮೆಷ್ ಕಳಚಿ ತೊಳೆಯುವಂತಿರಲಿ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಮೇಲಿನ ಮಹಡಿ. ಬೆಡ್‌ರೂಮಿಗೆ ಎರಡು ಕಡೆ ಕಿಟಕಿ ಇದೆ, ಗಾಳಿಯೂ ಬರುತ್ತದೆ. ಆದರೂ ರಾತ್ರಿ ಹನ್ನೊಂದಾದರೂ ಕಾವು ಇಳಿಯುವುದಿಲ್ಲ.

ಉತ್ತರ: ಹಾಗಾದರೆ ನಿಮ್ಮದು ಗಾಳಿಯ ತೊಂದರೆ ಅಲ್ಲ ಸರ್, ತಾರಸಿಯದು. ಕಾಂಕ್ರೀಟ್ ಹಗಲೆಲ್ಲ ಹೀರಿದ ಬಿಸಿಯನ್ನು ರಾತ್ರಿ ಬಿಡುತ್ತದೆ. ಮೊದಲು ತಾರಸಿಗೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿ. ಇನ್ನೊಂದು ಕಿಟಕಿ ಒಡೆಸುವ ಮಾತು ಆಮೇಲೆ.